ಮಾನ್ವಿಗೆ ಹೋಗದ ಮಧ್ಯಾಹ್ನ

ಮೊಮ್ಮಗಳ ಮೊಣಕಾಲಿಗೆ ಟಿಂಚರ್ ಹಚ್ಚುವಾಗ, ಆ ಘಾಟು ವಾಸನೆಗೆ ನನಗೆ ಇಂದೂ ರಾಯಚೂರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಕಂಪೌಂಡರ್ ಆಗಿದ್ದ ಅಪ್ಪ ನಮ್ಮ ಪಡಸಾಲೆಯಲ್ಲೇ ಗಾಯಗಳಿಗೆ ಪಟ್ಟಿ ಕಟ್ಟುತ್ತಿದ್ದ. ಅವತ್ತು ನಾನು, ಅವ್ವ ಮಾನ್ವಿಯ ಅಜ್ಜಿಯ ಮನೆಗೆ ಹೊರಟಿದ್ದೆವು. ಅವ್ವ ನನಗೆ ಎರಡು ಜಡೆ ಹೆಣೆದು, ಯಾವಾಗಲೂ ನಮ್ಮನ್ನು ಊರಿಗೆ ಕರೆದೊಯ್ಯುತ್ತಿದ್ದ ಖಾಸಿಂ ಕಾಕಾನ ಎತ್ತಿನ ಬಂಡಿಯ ದಾರಿ ಕಾಯುತ್ತಿದ್ದಳು. ಬಂಡಿ ಬಂತು. ಆದರೆ ಹಗ್ಗ ಹಿಡಿದವನು ಬೇರೆ ಯಾರೋ. ಕಾಕಾ ಒಳಗೆ ಹುಲ್ಲಿನ ಮೇಲೆ ಮಲಗಿದ್ದ. ಅವನ ಬಲತೋಳು ರಕ್ತದಲ್ಲಿ ತೊಯ್ದಿತ್ತು.

“ಯಾರೋ ನಾಕೈದು ಮಂದಿ ಬಂಡಿ ಅಡ್ಡಗಟ್ಟಿ ಎತ್ತು ಬಿಚ್ಚು ಅಂದ್ರು ಸಾಬ್, ನಾ ಒಲ್ಲೆ ಅಂದೆ. ನಡು ಪ್ಯಾಟ್ಯಾಗ ಚಾಕು ಹಾಕಿದ್ರು,” ಎಂದು ಕಾಕಾ ಅಪ್ಪನಿಗೆ ಹೇಳಿದ.

ಅಪ್ಪ ಹೊಲಿಗೆ ಹಾಕುತ್ತ ಗೊಣಗಿದ: “ಮೊದಲ ಕುಡಗೋಲು ತಾಕಿದವರು, ಎತ್ತು ಹಾಯ್ದವರು ಬರ್ತಿದ್ರು. ಈಗ ಬರೇ ಚಾಕುವಿನ ಗಾಯ ಬರಾಕತ್ತಾವ.”

ನಾನು ಕಾಕಾನ ಎಡಗೈ ಹಿಡಿದು ಕೂತಿದ್ದೆ. ಹಗ್ಗ ಎಳೆದು ಎಳೆದು ಜಡ್ಡುಗಟ್ಟಿದ ಅಂಗೈ ಅದು. “ಬೇಟಿ, ಜಡಿ ಚಂದ ಅದಾವ,” ಎಂದ. ಆಮೇಲೆ ಅವ್ವನ ಕಡೆ ತಿರುಗಿ, “ಅಕ್ಕಾರ, ಸದ್ಯಕ್ಕ ಊರಿಗಿ ಹೋಗಬ್ಯಾಡ್ರಿ. ದಾರಿ ಛಲೋ ಇಲ್ಲ,” ಎಂದ.

ಅಜ್ಜಿಗೆಂದು ಕಟ್ಟಿದ್ದ ಗಂಟು ಬಿಚ್ಚಿ, ಅವ್ವ ಹೋಳಿಗೆ ಮುರಿದು ಅವನ ಬಾಯಿಗಿಟ್ಟಳು.

ಗಾಯ ಮಾಯಿತು. ಕಾಕಾ ಎತ್ತು ಹೊಡೆದುಕೊಂಡು ದೇವದುರ್ಗಕ್ಕೆ ಮಗಳ ಮನೆಗೆ ಹೋದ, ಮತ್ತೆ ಬರಲಿಲ್ಲ. ಆ ವರ್ಷವೆಲ್ಲ ಓಣಿಯಲ್ಲಿ ಯಾವ ಬಂಡಿ ನಿಂತರೂ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಿದ್ದಳು.