ಅಕ್ಕನ ದಡ

ಫ್ರೆಂಚರ ಆಡಳಿತದ ಆ ಎರಡು ದ್ವೀಪಗಳು ಸಮುದ್ರದಲ್ಲಿ ತೇಲಿಕೊಂಡೇ ಇರುತ್ತಿದ್ದವು. ವರ್ಷಕ್ಕೊಮ್ಮೆ, ಕಬ್ಬಿನ ಕಟಾವು ಮುಗಿದ ಮೇಲೆ, ಒಂದು ಮಧ್ಯಾಹ್ನದ ಮಟ್ಟಿಗೆ ಅಕ್ಕಪಕ್ಕ ಬಂದು ನಿಲ್ಲುತ್ತಿದ್ದವು. ಆಗ ಪೊಲೀಸರು ದಡದ ಆ ತುದಿಗೊಂದು, ಈ ತುದಿಗೊಂದು ಹಲಗೆ ಹಾಸುತ್ತಿದ್ದರು: ಹೋಗಲು ಒಂದು, ಬರಲು ಒಂದು. ಒಬ್ಬರಿಗೆ ಒಂದೇ ಸಲ ದಾಟಲು ಅಪ್ಪಣೆ. ದಾಟಿದವರು ಮುಂದಿನ ವರ್ಷದವರೆಗೆ ಅಲ್ಲೇ ಇರಬೇಕು. ದ್ವೀಪಗಳನ್ನು ಆಳಲು ಪ್ಯಾರಿಸ್ಸಿನಿಂದ ಬಂದ ಪ್ರಿಫೆಕ್ಟ್ ಸಾಹೇಬರ ಕಟ್ಟಪ್ಪಣೆ ಅದು.

ಜೋಸ್ಲಿನ್ ಮುತ್ತುಸಾಮಿಯ ಅಕ್ಕ ಸಿಲ್ವೆಟ್ ಎದುರು ದ್ವೀಪದವಳು. ಅಕ್ಕತಂಗಿಯರಿಬ್ಬರ ಗಂಡಂದಿರೂ ತೀರಿಹೋದ ಮೇಲೆ ಪ್ರತಿ ವರ್ಷ ದಡದಿಂದ ದಡಕ್ಕೆ ಇದೇ ಜಗಳ.

“ನೀನೇ ಬಾರೇ. ನನ್ನ ವೆನಿಲಾ ಬಳ್ಳಿ ಯಾರು ನೋಡ್ಕೋತಾರೆ?”

“ನನ್ನ ಕೋಳಿಗಳೇನು ನಿನ್ನ ಬಳ್ಳಿಗಿಂತ ಕಡಿಮೇನಾ ಅಕ್ಕಾ?”

ಈ ವರ್ಷ ಜೋಸ್ಲಿನ್ ಸೋತಳು. ಕೋಳಿಗಳನ್ನು ನೆರೆಯವಳಿಗೆ ಒಪ್ಪಿಸಿ, ಅಕ್ಕನಿಗೆ ಹೇಳದೆ ಜನಜಂಗುಳಿಯಲ್ಲಿ ಹಲಗೆ ದಾಟಿದಳು. ಎಷ್ಟು ಹುಡುಕಿದರೂ ಅಕ್ಕ ಕಾಣಲಿಲ್ಲ.

“ಜೋಸ್ಲಿನ್!”

ಕೂಗು ಬಂದದ್ದು ತಾನು ಬಿಟ್ಟುಬಂದ ದಡದಿಂದ. ತಿರುಗಿದರೆ ಅಲ್ಲಿ ಬಟ್ಟೆಗಂಟು ಹಿಡಿದು ಸಿಲ್ವೆಟ್ ನಿಂತಿದ್ದಳು!

“ಅಯ್ಯೋ ಪೆದ್ದೀ, ಬರ್ತೀನಿ ಅಂತ ಹೇಳಬಾರದಿತ್ತೇನೇ?”

“ನೀನು ಹೇಳಿದ್ಯಾ?”

ಇಬ್ಬರೂ ನಕ್ಕರು, ನಗುನಗುತ್ತಲೇ ಅತ್ತರು. ಪೊಲೀಸರು ಹಲಗೆಗಳನ್ನು ಎಳೆದುಕೊಂಡರು. ನಡುವಿನ ನೀರು ಅಗಲವಾಗತೊಡಗಿತು.

“ಬೀಗದ ಕೈ ಎಲ್ಲಿ ಅಕ್ಕಾ?”

“ಬೀಗ ಹಾಕಿದ್ರೆ ತಾನೆ! ಹೋಗಿ ಮಲಕ್ಕೋ, ದಣಿದಿದೀಯ.”

ಅಕ್ಕನ ದಿಂಬಿನಲ್ಲಿ ಕೊಬ್ಬರಿ ಎಣ್ಣೆಯ ವಾಸನೆಯಿತ್ತು, ನಡುವೆ ಅವಳ ತಲೆಯಷ್ಟೇ ಒಂದು ತಗ್ಗು. ಚಿಕ್ಕಂದಿನಲ್ಲಿ ಒಂದೇ ಚಾಪೆಯಲ್ಲಿ ಮಲಗುವಾಗ ಮಾಡುತ್ತಿದ್ದಂತೆ ಜೋಸ್ಲಿನ್ ಆ ತಗ್ಗಿಗೆ ಜಾಗ ಬಿಟ್ಟು, ಗೋಡೆಯ ಕಡೆಗೆ ಸರಿದು ಮಲಗಿದಳು.