ಕಬ್ಬಿನ ಗಾಡಿಯ ಗಂಟು

ಬಿರುಗಾಳಿಗೆ ತರಬೇತಿಯ ಹಾಯಿಹಡಗು ಒಂದು ಮಗ್ಗುಲಿಗೆ ವಾಲಿತು. "ಹಾಯಿ ಸಡಿಲ ಬಿಡಿ!" ಎಂದು ಅಧಿಕಾರಿ ಕೂಗಿದರು. ಆ ಹಾಯಿಯ ಹಗ್ಗ ಕಟ್ಟಿದ್ದವನು ರಾಯಬಾಗದ ಎನ್‌ಸಿಸಿ ಹುಡುಗ ಸಾತಗೌಡ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟನ್ನು ಹಡಗಿನವರು ಕಲಿಸಿದ್ದರು. ಅದು ಪುಕ್ಕಲು ಗಂಟೆನಿಸಿ, ಕಬ್ಬಿನ ಗಾಡಿಗೆ ಅಪ್ಪ ಹಾಕುವ ಗಂಟನ್ನೇ ಹಾಕಿದ್ದ. ಜಗ್ಗಿದಷ್ಟೂ ಬಿಗಿಯುವ ಗಂಟು.

"ಬಿಚ್ಚಲೇ, ಮುಳುಗ್ತೇವಿ!" ನಿಪ್ಪಾಣಿಯ ಗೆಳೆಯ ಪಾರಿಸ ಚೀರಿದ.

"ಬಿಚ್ಚವಲ್ದೋ!" ಸಾತಗೌಡನ ಉಗುರು ಕಿತ್ತು ರಕ್ತ ಬಂತು. ಹಡಗಿನಂಚಿನ ಕಟಾಂಜನ ದಾಟಿ ನೀರು ನುಗ್ಗಿತು. ಪಾರಿಸ ಚಾಕು ತೆಗೆದ. ಸಾತಗೌಡ ಗಂಟಿನ ಮೇಲೆ ಅಂಗೈ ಮುಚ್ಚಿದ. ಹಗ್ಗ ಕೊಯ್ಯುವವನ ಕೈಗೆ ಗಾಡಿ ಕೊಡಬಾರದು ಎನ್ನುತ್ತಿದ್ದ ಅಪ್ಪ.

ಹಡಗು ಇನ್ನಷ್ಟು ವಾಲಿತು. ಅವನು ಅಂಗೈ ತೆಗೆದು ಮುಂದೆ ಚಾಚಿದ.

"ತಾ ಇಲ್ಲೆ. ನಾನ ಕೊಯ್ತೇನಿ."