ಹದಿನೆಂಟನೆಯ ಮೆಟ್ಟಿಲು

"ಇವತ್ತೂ ಹದಿನೆಂಟಕ್ಕೇ ನಿಂತ್ರಾ?" ಡಾಕ್ಟರು ಗೋಡೆಗೆ ಒರಗಿ ಕೇಳಿದರು.

"ಮುಂದಕ್ಕೆ ಹೋಗೋಕೆ ಆಗಲ್ಲ ಸ್ವಾಮಿ," ಎಂದು ಗಡಿಯಾರದಜ್ಜ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಡಾಕ್ಟರು ಕಾಲರ್ ಸಡಿಲಿಸಿ, ಎದೆ ನೀವಿಕೊಂಡು, ಬೆವರು ಒರೆಸಿಕೊಂಡು, ಅಂಗಿ ಒಗೆಯುವವನನ್ನು ಬೈದರು. ಪಾಪಿ, ಪ್ರತಿ ಸಲ ಕುಗ್ಗಿಸಿಯೇ ತರುತ್ತಾನೆ. ಆಮೇಲೆ ಪುಸ್ತಕದಲ್ಲಿ ಬರೆದರು: ಹದಿನೆಂಟು.

ಅಜ್ಜ ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವವರು. ಎದೆನೋವು ಬಂದು ಅವರು ಆಸ್ಪತ್ರೆ ಸೇರಿದ ಮೇಲೆ ಗಡಿಯಾರವೂ ನಿಂತಿತ್ತು. ರಕ್ತನಾಳ ಬಿಗಿಯಲು ನರಗಳು ಒಯ್ಯುವ ಸುದ್ದಿಯನ್ನು ಅವುಗಳ ಗಂಟಿನಲ್ಲೇ ತಡೆದು, ರಕ್ತದ ಒತ್ತಡ ಇಳಿಸಿದರೆ ಹೃದಯದ ಹೊರೆ ಹಗುರಾದೀತು ಎಂಬುದು ಡಾಕ್ಟರ ನಂಬಿಕೆ. ಅದಕ್ಕಾಗಿಯೇ ಈ ಹೊಸ ಔಷಧಿ. ಹಿರಿಯ ವೈದ್ಯರು ನಕ್ಕು, ಮೂರು ವಾರ ಗಡುವು ಕೊಟ್ಟಿದ್ದರು. ರೋಗಿ ನಲವತ್ತು ಮೆಟ್ಟಿಲು ಹತ್ತಬೇಕು. ಇಲ್ಲವಾದರೆ ಪ್ರಯೋಗಕ್ಕೆ ಬೀಗ.

ಒತ್ತಡವೇನೋ ಇಳಿಯುತ್ತಿತ್ತು. ಮೊದಲ ದಿನ ಸೂಜಿ ಚುಚ್ಚಿದ ಕೂಡಲೇ ಅಜ್ಜ ಡಾಕ್ಟರಿಗೆ ಕೈಮುಗಿಯಲೆಂದು ಎದ್ದು, ತಲೆಸುತ್ತಿ ನರ್ಸಮ್ಮನ ಮೇಲೆಯೇ ಬಿದ್ದಿದ್ದರು.

"ಮರ್ಯಾದೆ ಮಲಗಿಕೊಂಡೇ ಕೊಡಿ ಅಜ್ಜ," ಎಂದಿದ್ದಳು ಆಕೆ. ಅಂದಿನಿಂದ ಒಂದು ಗಂಟೆ ಮಲಗಿಸಿ, ಮೆಲ್ಲಗೆ ಎಬ್ಬಿಸಿ, ಡಾಕ್ಟರ ಜೊತೆ ಮೆಟ್ಟಿಲಿಗೆ ಕಳಿಸುತ್ತಿದ್ದಳು.

ಕೊನೆಯ ದಿನ ಡಾಕ್ಟರು ಮೆಟ್ಟಿಲ ಬುಡದಲ್ಲೇ ಸ್ಟೂಲು ಹಾಕಿ ಕುಳಿತರು. "ನೀವೇ ಜೊತೆಗೆ ಹೋಗಿ ಎಣಿಸಿ ಸಿಸ್ಟರ್. ನನಗೆ ನೋಡೋ ಮನಸ್ಸಿಲ್ಲ."

ನರ್ಸಮ್ಮ ದೇವರ ಮೇಲೆ ಭಾರ ಹಾಕಿ ಗಟ್ಟಿಯಾಗಿ ಎಣಿಸತೊಡಗಿದಳು. ಹದಿನೆಂಟು ಕೇಳಿಸಿತು. ಹತ್ತೊಂಬತ್ತೂ ಕೇಳಿಸಿತು. ಡಾಕ್ಟರು ತಲೆಯೆತ್ತಿದರು. ನಲವತ್ತು ಎನ್ನುವಾಗ ಮೇಲಿನ ಕಟಕಟೆಯಿಂದ ಅಜ್ಜನ ಬೋಳುತಲೆ ಇಣುಕಿತು.

"ನೋವು?" ಡಾಕ್ಟರು ಸ್ಟೂಲಿನಿಂದ ಎದ್ದು ಕೇಳಿದರು.

"ಎರಡು ವಾರದಿಂದ ಇಲ್ಲ ಸ್ವಾಮಿ. ನಿಮ್ಮ ಔಷಧಿ ಒಳ್ಳೇದು."

"ಮತ್ತೆ ದಿನಾ ಹದಿನೆಂಟಕ್ಕೆ ಯಾಕ್ರೀ ನಿಲ್ತಿದ್ರಿ? ನನ್ನ ಮಾನ ಹೋಗ್ತಿತ್ತಲ್ರೀ."

ಅಜ್ಜ ಸಂಕೋಚದಿಂದ ನರ್ಸಮ್ಮನ ಮುಖ ನೋಡಿದರು. ಮತ್ತೆ ಕೆಳಕ್ಕೆ ಬಗ್ಗಿದರು.

"ಅದು ಕಾಲರ್ ಬಿಗಿಯಲ್ಲ ಸ್ವಾಮಿ, ನನಗೂ ಎದೆನೋವು ಹಾಗೇ ಶುರುವಾದದ್ದು, ಎದೆ ಹಿಡಿದು ನಿಂತ ನಿಮ್ಮನ್ನ ನಡುವಲ್ಲಿ ಬಿಟ್ಟು ನಾನೊಬ್ಬನೇ ಹೇಗೆ ಹತ್ತಲಿ?"